ಒಂದು ನಿಮಿಷ, ಸಮ ಈಗ ಬರ್ತದೆ

ನಮ್ಮೂರಲ್ಲಿ ಅಕ್ಕಿ ತೊಳೆದು ಒಲೆಗೆ ಇಡುವ ಮೊದಲು ಹೆಂಗಸರು ಕಿಟಕಿ ತೆಗೆದು ಕಿವಿ ಕೊಡುತ್ತಾರೆ. ಎಲ್ಲಾದರೂ ಹಾಡು ನಡೆಯುತ್ತಿದ್ದರೆ ಬೆಂಕಿಕಡ್ಡಿ ಗೀರುವುದಿಲ್ಲ. ಹಾಡು ಕಿವಿಗೆ ಬೀಳುವಷ್ಟು ದೂರದಲ್ಲಿ ಏನೇ ಶುರುವಾದರೂ ಹಾಡು ಮುಗಿಯುವ ತನಕ ಅದು ಮುಗಿಯುವುದಿಲ್ಲ. ಅನ್ನ ಕುದಿಯುತ್ತಲೇ ಇರುತ್ತದೆ, ಬೇಯುವುದಿಲ್ಲ. ಕ್ಷೌರದ ಅಂಗಡಿಯವನು ಗಿರಾಕಿಯ ಕೆನ್ನೆ ಎಷ್ಟು ಕೆರೆದರೂ ಅರ್ಧ ಗಡ್ಡ ಅಲ್ಲೇ ಇರುತ್ತದೆ. ಪಾಪ ಅಂತ ಒಂದು ಟೀ ತರಿಸಿಕೊಡುತ್ತಾನೆ, ಆ ಟೀಯೂ ಮುಗಿಯುವುದಿಲ್ಲ ಅಂತ ಗಿರಾಕಿಗೆ ಒಳಗೊಳಗೇ ಖುಷಿ. ರೇಡಿಯೋಗೆ, ಮೊಬೈಲಿಗೆ ಇದು ಅನ್ವಯಿಸುವುದಿಲ್ಲ. ಮನುಷ್ಯ ಕೂತು ಉಸಿರು ಕೊಟ್ಟು, ಬೆರಳು ಸವೆಸಿ ಮಾಡಿದ ಹಾಡಿಗೆ ಮಾತ್ರ. ಹೀಗಾಗಿ ರಾಗದ ಗಂಧ ಗಾಳಿ ಗೊತ್ತಿಲ್ಲದ ನಮ್ಮಮ್ಮನಂಥವರೂ ಸಂಗೀತ ಸಭೆಯ ಕಡೆಯಿಂದ ಒಂದು ಎಳೆ ತೇಲಿ ಬಂದರೆ ಸಾಕು, ಇದು ಮೋಹನ, ಬೇಗ ಮುಗೀತದೆ, ಹುರುಳಿಕಾಯಿ ಹಾಕಬಹುದು. ಇದು ತೋಡಿ, ಇವತ್ತು ಅವಲಕ್ಕಿಯೇ ಗತಿ ಅಂತ ಹೇಳಿಬಿಡುತ್ತಾರೆ.

ಹಾಡು ನಿಂತರೆ ಸಾಲದು, ಮುಗಿಯಬೇಕು. ಈ ಬುದ್ಧಿ ನಮ್ಮೂರವರಿಗೆ ಬಂದದ್ದು ಒಂದು ಸಲ ಪೆಟ್ಟು ತಿಂದ ಮೇಲೆ. ಯಾವುದೋ ಕಾಲದಲ್ಲಿ ಸಭೆಯ ಕಛೇರಿಯಲ್ಲಿ ಹಾಡುವವನಿಗೂ ಪಿಟೀಲಿನವನಿಗೂ ಶ್ರುತಿ ಯಾರದ್ದು ಸರಿ ಅಂತ ಜಗಳ ಹತ್ತಿ, ಕೀರ್ತನೆಯ ನಟ್ಟನಡುವೆ ಇಬ್ಬರೂ ಎದ್ದು ಹೋದರಂತೆ. ಆಗ ಸೀನಲು ಬಾಯಿ ತೆರೆದ ಪೋಸ್ಟಾಫೀಸಿನ ಪದ್ಮಣ್ಣ ಇವತ್ತಿಗೂ ಮೂಗು ಮೇಲೆತ್ತಿಕೊಂಡೇ ಓಡಾಡುತ್ತಾನೆ, ಹೊಸಬರು ಅವನಿಗೆ ಬಹಳ ಕೊಬ್ಬು ಅಂದುಕೊಳ್ಳುತ್ತಾರೆ. ಆವತ್ತು ತಾಳಿ ಕಟ್ಟಲು ಕೂತಿದ್ದ ಒಬ್ಬನ ಮೂರನೇ ಗಂಟು ಇನ್ನೂ ಬಿದ್ದಿಲ್ಲ, ಮೊಮ್ಮಕ್ಕಳಾದರೂ ಜಗಳ ಬಂದಾಗಲೆಲ್ಲ ಆ ಹೆಂಗಸು ನಾನೇನು ನಿನ್ನ ಪೂರ್ತಿ ಹೆಂಡತಿಯೇನಲ್ಲ ಅನ್ನುತ್ತಾಳೆ.

ನಾನು ಎಂಟನೇ ಕ್ಲಾಸಿಗೆ ಸ್ಕೂಲು ಬಿಟ್ಟದ್ದೂ ಸಂಗೀತದಿಂದಲೇ. ಮೇಷ್ಟ್ರು ನನಗೆ ಹೊಡೆಯಲು ಬೆತ್ತ ಎತ್ತಿದ್ದೂ ಸಭೆಯಲ್ಲಿ ತೋಡಿ ಶುರುವಾದದ್ದೂ ಒಂದೇ ಸಲ. ಮೇಷ್ಟ್ರು ಕೆಟ್ಟವರಲ್ಲ. ಒಂದೇಟು ಕೊಟ್ಟು ಬಿಡೋಣ ಅಂತಲೇ ಎತ್ತಿದ್ದರು. ಅವರು ಅಳುತ್ತಾ ಹೊಡೆದರು, ನಾನು ಅಳುತ್ತಾ ಕೈ ಚಾಚಿದೆ. ತೋಡಿ ಮುಗಿಯುವ ಹೊತ್ತಿಗೆ ಇಬ್ಬರ ಕೈಯೂ ಊದಿಕೊಂಡಿತ್ತು. ಆವತ್ತು ತೋಡಿ ಹಾಡಿದವರಿಗೆ ಸಭೆಯವರು ಎದ್ದು ನಿಂತು ಚಪ್ಪಾಳೆ ಹೊಡೆದರಂತೆ. ನಾನು ಮಾರನೇ ದಿನ ದಸ್ತಗೀರ್ ಮಾಸ್ಟರ ಬ್ಯಾಂಡಿಗೆ ಸೇರಿದೆ. ನನ್ನ ಊದಿದ ಕೈ ನೋಡಿ ಅವರು ದೊಡ್ಡ ಡ್ರಮ್ಮೇ ಕೊಟ್ಟರು. ಹೊಟ್ಟೆಗೆ ಕಟ್ಟಿಕೊಂಡು ಹೊಡೆಯುವುದು, ನಡುವೆ ತೂತು ಬಿದ್ದಂತೆ ಢಂ ಅನ್ನುವುದು. ನನಗೆ ಒಪ್ಪುವ ವಾದ್ಯ.

ಬ್ಯಾಂಡಿನವರದ್ದು ಮೂರು ನಾಲ್ಕು ನಿಮಿಷದ ಹಾಡು. ತಾಳಿ ಕಟ್ಟಿಸಬೇಕು, ದೋಸೆ ಬೇಯಬೇಕು, ಬಸ್ಸು ಹೊರಡಬೇಕು ಅನ್ನುವವರೆಲ್ಲ ನಮ್ಮನ್ನೇ ಕರೆಯುವುದು. ಆದರೂ ಊಟಕ್ಕೆ ಕೂರಿಸುವುದು ಕೊನೇ ಪಂಕ್ತಿಯಲ್ಲಿ, ಚಪ್ಪಲಿ ಬಿಡುವ ಜಾಗದ ಪಕ್ಕ. ಬೇಗ ಮುಗಿಸುವವನಿಗೆ ಮರ್ಯಾದೆ ಇಲ್ಲ. ಊರನ್ನು ಮೂರು ಗಂಟೆ ಒಂಟಿಕಾಲಿನಲ್ಲಿ ನಿಲ್ಲಿಸುವವನಿಗೆ ಶಾಲು. ನಮ್ಮ ಟ್ರಂಪೆಟ್ಟಿನವನು ಕೊಳವೆಯಿಂದ ಉಗುಳು ಬಸಿಯುತ್ತಾ ಒಂದು ಮಾತು ಹೇಳುತ್ತಿರುತ್ತಾನೆ: ಸಭೆಯಲ್ಲಿ ಮೃದಂಗದವರು ಒಬ್ಬರೇ ನುಡಿಸಲು ಶುರು ಮಾಡಿದ ಕೂಡಲೇ ಎಲ್ಲರೂ ಎದ್ದು ಕ್ಯಾಂಟೀನಿಗೆ ಹೋಗುತ್ತಾರೆ, ಉಳಿಯುವುದು ಮೃದಂಗದವರ ಹೆಂಡತಿ, ಮತ್ತೆ ನಿದ್ದೆ ಬಂದವರು, ಆ ಹೆಂಡತಿಗೂ ಒಮ್ಮೊಮ್ಮೆ ನಿದ್ದೆ ಬಂದಿರುತ್ತದೆ.

ಆ ಭಾನುವಾರ ಬೆಳಿಗ್ಗೆ ನಾವು ಸಭೆಯ ಗೇಟಿನ ಹೊರಗೆ ಕೆಂಪು ಕೋಟು ತೊಟ್ಟು, ಹಿತ್ತಾಳೆಯನ್ನೆಲ್ಲ ಹುಣಿಸೆಹಣ್ಣಿನಲ್ಲಿ ಬೆಳಗಿಕೊಂಡು ಬಿಸಿಲಲ್ಲಿ ನಿಂತಿದ್ದೆವು. ಒಳಗೆ ವಿದ್ವಾನ್ ಸೀತಾಪತಯ್ಯನವರ ಹಾಡುಗಾರಿಕೆ. ಅದು ಮುಗಿದ ಮೇಲೆ ಅವರಿಗೆ 'ಲಯಸಮುದ್ರ' ಅಂತ ಬಿರುದು. ಬಿರುದು ಹೊತ್ತ ಅವರನ್ನು ತೆರೆದ ಜೀಪಿನಲ್ಲಿ ಕೂರಿಸಿ ಮನೆಗೆ ಮುಟ್ಟಿಸುವುದು ನಮ್ಮ ಕೆಲಸ. ಸಭೆಯ ಕಾರ್ಯದರ್ಶಿ ವರದಾಚಾರ್ ಬೆಳಿಗ್ಗೆಯೇ ಬಂದು, ನೀವು ಇಲ್ಲಿರೋದು ಒಳಗಿನವರಿಗೆ ಗೊತ್ತಾಗಬಾರದು ಅಂತ ಹೇಳಿ ಹೋಗಿದ್ದರು. ಕೆಂಪು ಕೋಟಿಗೆ ಚಿನ್ನದ ಜರತಾರಿ ಹಾಕಿಸಿ ಬಚ್ಚಿಟ್ಟುಕೊಂಡು ನಿಲ್ಲಿ ಅಂದರೆ ಹೇಗೆ ನಿಲ್ಲುವುದು ಅಂತ ನನಗೆ ಮೈಯೆಲ್ಲ ಉರಿಯಿತು. ದಸ್ತಗೀರ್ ಮಾಸ್ಟರಿಗೆ ಏನೂ ಅನಿಸಲಿಲ್ಲ. ಅವರು ಗೇಟಿನ ಪಕ್ಕದ ಕಲ್ಲಿನ ಮೇಲೆ ಕ್ಲಾರಿನೆಟ್ಟನ್ನು ಮಡಿಲಲ್ಲಿಟ್ಟುಕೊಂಡು, ಕಣ್ಣು ಮುಚ್ಚಿ, ತೊಡೆಯ ಮೇಲೆ ತಾಳ ಹಾಕುತ್ತಾ ಕೂತುಬಿಟ್ಟಿದ್ದರು. ಸಭೆಯಲ್ಲಿ ಕಛೇರಿ ಇದ್ದಾಗಲೆಲ್ಲ ಅವರು ಅದೇ ಕಲ್ಲಿನ ಮೇಲೆ ಕೂತಿರುತ್ತಾರೆ. ಒಳಗೆ ಬಾ ಅಂತ ಯಾರೂ ಕರೆದಿಲ್ಲ, ಅವರೂ ಕೇಳಿಲ್ಲ. ನನಗೆ ಸೀತಾಪತಯ್ಯನವರ ಮೇಲಿನ ಸಿಟ್ಟಿಗಿಂತ ಮಾಸ್ಟರ ಆ ಕಣ್ಣು ಮುಚ್ಚುವಿಕೆಯ ಮೇಲೆ ಹೆಚ್ಚು ಸಿಟ್ಟು.

ಲಯಸಮುದ್ರದ ಹಿಂದೆ ಒಂದು ಕಥೆ ಇತ್ತು. ಹೋದ ವರ್ಷ ಆ ಬಿರುದು ಮೃದಂಗದ ವಿದ್ವಾನ್ ಚಂದ್ರಮೌಳಿಯವರಿಗೆ ಅಂತ ಮಾತಾಗಿತ್ತು. ಲಯ ಅಂದರೆ ತಾಳದ ಲೆಕ್ಕ, ಅದು ಮೃದಂಗದವರ ಹೊಲ. ಆದರೆ ಕೊನೇ ಗಳಿಗೆಯಲ್ಲಿ ಸೀತಾಪತಯ್ಯನವರು, ಪಕ್ಕದಲ್ಲಿ ಕೂತು ಬಾರಿಸುವವರಿಗೆ ಸಮುದ್ರ ಕೊಟ್ಟರೆ ನನಗೇನು ಕೆರೆ ಕೊಡುತ್ತೀರಾ ಅಂತ ಕೇಳಿದರಂತೆ. ಸಭೆಯವರು ಹೆದರಿ ಒಂದು ವರ್ಷ ಯಾರಿಗೂ ಕೊಡದೆ, ಈ ವರ್ಷ ಸೀತಾಪತಯ್ಯನವರಿಗೇ ಕೊಟ್ಟರು. ಚಂದ್ರಮೌಳಿಯವರು ಅಂದಿನಿಂದ ಅವರ ಜೊತೆ ಮಾತು ಬಿಟ್ಟಿದ್ದರು. ಆದರೂ ನುಡಿಸಲು ಅವರನ್ನೇ ಕರೆಯಬೇಕು, ಊರಲ್ಲಿ ಬೇರೆ ಮೃದಂಗವಿಲ್ಲ.

ಸೀತಾಪತಯ್ಯನವರು ಬಿರುದಿಗೆ ತಕ್ಕದ್ದಾಗಿರಲಿ ಅಂತ ತಾವೇ ಒಂದು ಕಷ್ಟದ ಪಲ್ಲವಿ ಕಟ್ಟಿಕೊಂಡು ಬಂದಿದ್ದರು. ಪಲ್ಲವಿ ಅಂದರೆ ಒಂದೇ ಸಾಲು. ಅದನ್ನು ಹಿಂಡಿ, ಎಳೆದು, ತಿರುಚಿ, ಒಣಗಲು ಹಾಕಿ ಮತ್ತೆ ನೆನೆಸುವುದು. ಎಷ್ಟು ತಿರುಗಿದರೂ ಕೊನೆಗೆ ಹಾಡುವವರೂ ಬಾರಿಸುವವರೂ ತಾಳದ ಮೊದಲ ಪೆಟ್ಟಿನ ಮೇಲೆ ಒಟ್ಟಿಗೆ ಬಂದು ನಿಲ್ಲಬೇಕು. ಆ ಪೆಟ್ಟಿಗೆ ಸಮ ಅನ್ನುತ್ತಾರೆ. ಊರೆಲ್ಲ ಸುತ್ತಿ ಬಂದು ಒಂದೇ ಹೊಸ್ತಿಲ ಮೇಲೆ ಕಾಲಿಟ್ಟ ಹಾಗೆ. ಅದು ಬಿದ್ದರೆ ಪಲ್ಲವಿ ಮುಗಿಯಿತು, ಅನ್ನ ಬೆಂದಿತು.

ಸಭೆಯ ಗೋಡೆಗೆ ಅಂಟಿಕೊಂಡೇ ಹೆರಿಗೆ ಆಸ್ಪತ್ರೆ. ದಿನ ತುಂಬಿದ ಹೆಂಗಸರನ್ನು ನಮ್ಮೂರಲ್ಲಿ ಇಟ್ಟುಕೊಳ್ಳುವುದಿಲ್ಲ, ಹಾಡು ಕೇಳಿಸದಷ್ಟು ದೂರ, ಕೆರೆ ಏರಿಯ ಆಚೆ ನೆಂಟರ ಮನೆಗೆ ಕಳಿಸಿಬಿಡುತ್ತಾರೆ. ನನ್ನ ಸ್ವಂತ ಅಕ್ಕ ನೀಲಕ್ಕನನ್ನು ಸೋಮವಾರ ಕಳಿಸುವುದು ಅಂತ ಇತ್ತು. ಭಾನುವಾರವೇ ನೋವು ಬಂತು. ಅದೂ ಸೀತಾಪತಯ್ಯನವರು ಪಲ್ಲವಿಯ ಸಾಲನ್ನು ಎತ್ತಿಕೊಂಡ ಮೇಲೆ. ಗೋಡೆಯ ಮೇಲಿಂದ ಫಿಲೋಮಿನಾ ಸಿಸ್ಟರ್ ತಲೆ ಹಾಕಿ ನನ್ನನ್ನು ಕರೆದು ಹೇಳಿದಾಗ ನಾನು ಮೊದಲು ನಂಬಲಿಲ್ಲ. ನೋವು ಬರುತ್ತಾ ಇದೆ, ಮಗು ಬರುತ್ತಾ ಇಲ್ಲ ಅಂದರು. ಈಗ ದೂರ ಕರೆದುಕೊಂಡು ಹೋದರೂ ಪ್ರಯೋಜನ ಇಲ್ಲ, ಇಲ್ಲಿ ಶುರುವಾದದ್ದು ಇಲ್ಲಿಯದೇ ಹಾಡಿನಲ್ಲಿ ಮುಗಿಯಬೇಕು. ಮಧ್ಯಾಹ್ನದ ತನಕ ತಾಯಿ ತಡೆದುಕೊಳ್ಳಬಹುದು, ಅದರ ಮೇಲೆ ಮಗುವಿನ ಉಸಿರು ತನ್ನ ಕೈಲಿಲ್ಲ ಅಂತಲೂ ಹೇಳಿದರು. ಗೋಡೆಯ ಆಚೆಯಿಂದ ನೀಲಕ್ಕ ಕೂಗುವುದು ಕೇಳಿಸಿತು. ಅಪ್ಪ ಸತ್ತಾಗಲೂ ಅವಳು ಹಾಗೆ ಕೂಗಿರಲಿಲ್ಲ.

ಇನ್ನೇನು, ಪಲ್ಲವಿ ಹತ್ತೂವರೆಗೆ ಮುಗಿಯುತ್ತದೆ ಅಂತ ಆಹ್ವಾನಪತ್ರಿಕೆಯಲ್ಲೇ ಇತ್ತು. ಹನ್ನೊಂದಾಯಿತು. ಗೇಟಿನ ಮೇಲಿನ ಲೌಡ್‌ಸ್ಪೀಕರಿನಲ್ಲಿ ಅದೇ ಸಾಲು ಮತ್ತೆ ಮತ್ತೆ ಬರುತ್ತಿತ್ತು, ಬಾಗಿಲ ತನಕ ಬಂದು ಚಪ್ಪಲಿ ಮರೆತವರ ಹಾಗೆ ಹಿಂದಿರುಗಿ ಹೋಗುತ್ತಿತ್ತು. ಕಣ್ಣು ಮುಚ್ಚಿದ್ದ ಮಾಸ್ಟರು ಕಣ್ಣು ತೆರೆದರು. ಅವರ ಕೈ ತೊಡೆಯ ಮೇಲೆ ಎತ್ತಿದ್ದು ಎತ್ತಿದ ಹಾಗೇ ಇತ್ತು. ಏನೋ ಆಗಿದೆ ಬೇಟಾ, ಇಬ್ಬರೂ ಬೇರೆ ಬೇರೆ ಮನೆಗೆ ಹೋಗ್ತಾ ಇದಾರೆ ಅಂದರು. ಅನ್ನುವಾಗ ಅವರ ಮುಖದಲ್ಲಿ ಗಾಬರಿ ಇರಲಿಲ್ಲ, ಮಕ್ಕಳು ಗಾಳಿಪಟದ ಜಗಳ ನೋಡುವಾಗಿನ ಆಸೆ ಇತ್ತು.

ನಾನು ಡ್ರಮ್ಮು ಬಿಚ್ಚಿಟ್ಟು ಒಳಗೆ ನುಗ್ಗಿದೆ. ಬಾಗಿಲಲ್ಲಿ ವರದಾಚಾರ್ ಅಡ್ಡ ನಿಂತರು. ಕೈಯಲ್ಲಿ ಶಾಲು, ಬಿರುದಿನ ಫಲಕ, ಬೆವರು. ನಾನು ಅಕ್ಕನ ವಿಷಯ ಹೇಳಿದೆ. ಅವರು ನನ್ನ ಕೆಂಪು ಕೋಟಿನ ತೋಳು ಹಿಡಿದು ಕಂಬದ ಮರೆಗೆ ಎಳೆದು, ಬಹಳ ಮೃದುವಾಗಿ ಹೇಳಿದರು.

"ಒಂದು ನಿಮಿಷ ತಡೀಯಪ್ಪ, ಸಮ ಈಗ ಬರ್ತದೆ."

ಒಳಗೆ ನೋಡಿದೆ. ಮುಂದಿನ ಸಾಲಿನ ರಸಿಕರು, ಊರಿನ ವಕೀಲರು, ರಿಟೈರಾದ ಹೆಡ್ಮಾಷ್ಟರು, ಎರಡು ಜ್ಯುವೆಲರಿ ಅಂಗಡಿಯವರು, ಎಲ್ಲರೂ ತೊಡೆ ಬಡಿದುಕೊಳ್ಳುತ್ತಿದ್ದರು. ಅರ್ಧದವರು ಸೀತಾಪತಯ್ಯನವರ ಕೈ ನೋಡಿ ಬಡಿಯುತ್ತಿದ್ದರು, ಅರ್ಧದವರು ಚಂದ್ರಮೌಳಿಯವರ ತಲೆ ನೋಡಿ. ಉಳಿದವರು ಪಕ್ಕದವನ ತೊಡೆ ನೋಡಿ. ವೇದಿಕೆಯ ಮೇಲೆ ಸೀತಾಪತಯ್ಯನವರು ಒಂದು ಸುತ್ತು ಹಾಡಿ ಬಂದು, ಇಗೋ ಅಂತ ಕೈ ಕೆಳಗೆ ಇಳಿಸುತ್ತಿದ್ದರು. ಚಂದ್ರಮೌಳಿಯವರು ಅದನ್ನು ಅತ್ತ ಬಿಟ್ಟು, ಆಮೇಲೆ ಎಲ್ಲೋ, ಇಗೋ ಅಂತ ಢೀ ಅನ್ನಿಸುತ್ತಿದ್ದರು. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ಕರುಣೆಯಿಂದ ನಕ್ಕು, ದಾರಿ ತಪ್ಪಿದ ಇನ್ನೊಬ್ಬರಿಗಾಗಿ ಮತ್ತೊಂದು ಸುತ್ತು ಶುರು ಮಾಡುತ್ತಿದ್ದರು. ಯಾರು ಯಾರ ಸಮಕ್ಕೆ ಬಂದರೂ ತಪ್ಪು ಒಪ್ಪಿಕೊಂಡ ಹಾಗೆ. ಲಯಸಮುದ್ರದ ದಿನ ಯಾರು ಒಪ್ಪಿಕೊಳ್ಳುತ್ತಾರೆ.

ನಾನು ವರದಾಚಾರರ ಕೈ ಕಿತ್ತುಕೊಂಡು, ಬಗ್ಗಿ, ವೇದಿಕೆಯ ಪಕ್ಕ ಹೋಗಿ, ಸೀತಾಪತಯ್ಯನವರ ಕಿವಿಯ ಹತ್ತಿರ ವಿಷಯ ಹೇಳಿದೆ. ಅಕ್ಕ, ನೋವು, ಮಗು, ಮಧ್ಯಾಹ್ನ. ಅವರು ಹಾಡುತ್ತಲೇ ಕೇಳಿಸಿಕೊಂಡರು. ಕಣ್ಣಲ್ಲಿ ನಿಜವಾಗಿ ನೀರು ಬಂತು. ಅದರಿಂದ ನಮಗೇ ನಷ್ಟವಾಯಿತು. ಕಣ್ಣೀರು ಬಂದ ಕೂಡಲೇ ರಾಗಕ್ಕೆ ಹೊಸ ದಾರಿ ಸಿಕ್ಕಿತು, ಕರುಣೆಯಿಂದ ಇನ್ನೊಂದು ಸುತ್ತು ಎಳೆದರು. ಆಮೇಲೆ ನನಗೆ ಉತ್ತರ ಕೊಟ್ಟರು, ಅದನ್ನೂ ಪಲ್ಲವಿಯ ಸಾಲಿನಲ್ಲೇ ಕೂರಿಸಿ ಹಾಡಿ ಕೊಟ್ಟರು.

"ಅವನೇ ಬರಲೀ... ನನ್ನ ಸಮಕೇ... ಅವನೇ ಬರಲೀ..."

ಮುಂದಿನ ಸಾಲಿನವರು ಹೊಸ ಸಾಹಿತ್ಯ ಅಂದುಕೊಂಡು ಭಲೇ ಅಂದರು. ಒಬ್ಬ ವಕೀಲರು ಭಕ್ತಿಯಿಂದ ಕೈ ಮುಗಿದರು.

ನಾನು ವೇದಿಕೆ ಸುತ್ತಿ ಚಂದ್ರಮೌಳಿಯವರ ಕಡೆ ಹೋದೆ. ಅವರಿಗೂ ಹೇಳಿದೆ. ಅವರು ಎರಡೂ ಕೈ ನಿಲ್ಲಿಸದೆ, ಬಾಯಿಯ ಒಂದು ಮೂಲೆಯಿಂದ ಮಾತಾಡಿದರು. "ನಿಮ್ಮಕ್ಕ ನನಗೂ ಮಗಳ ಸಮ ಕಣಪ್ಪ. ಆದರೆ ನನ್ನ ಕೈ ತಪ್ಪೋದಿಲ್ಲ. ಅವರು ಹೆಜ್ಜೆ ಸರಿಮಾಡಿಕೊಂಡರೆ ನಾನು ಈಗಲೇ ಮುಗಿಸಿಬಿಡ್ತೀನಿ, ಹೋಗಿ ಹೇಳು." ನಾನು ಹೋಗಿ ಹೇಳಿದೆ. ಸೀತಾಪತಯ್ಯನವರು ಅದಕ್ಕೂ ಹಾಡಿ ಉತ್ತರ ಕೊಟ್ಟರು. ಮತ್ತೆ ಈ ಕಡೆ ಬಂದೆ. ಸಭೆಯವರು ನಾನು ಯಾರೋ ತಾಳ ಹೇಳಿಕೊಡಲು ಬಂದ ಶಿಷ್ಯ ಅಂದುಕೊಂಡಿರಬೇಕು, ನನ್ನ ಪ್ರತಿ ಸುತ್ತಿಗೂ ಅವರ ತಲೆ ತೂಗುವುದು ಜಾಸ್ತಿಯಾಗುತ್ತಿತ್ತು.

ಇವರಿಬ್ಬರ ನಡುವೆ ಪಿಟೀಲಿನ ಕಮಲಾಕ್ಷಮ್ಮ ಕೂತಿದ್ದರು. ಅರವತ್ತು ದಾಟಿದ ಹೆಂಗಸು, ಕಾಲು ಹಿಡಿದುಕೊಂಡಿತ್ತು ಅಂತ ಕಾಣುತ್ತದೆ, ಮುಖ ಕಿವುಚಿಕೊಂಡಿದ್ದರು. ನಾನು ಅವರ ಹತ್ತಿರ ಕುಕ್ಕರುಗಾಲಲ್ಲಿ ಕೂತು, ಅಮ್ಮಾ, ಇಬ್ಬರಲ್ಲಿ ಯಾರದ್ದು ಸರಿ ಹೇಳಿಬಿಡಿ, ತಪ್ಪಿದವರನ್ನು ಕಾಲು ಹಿಡಿದಾದರೂ ಒಪ್ಪಿಸುತ್ತೇನೆ ಅಂದೆ. ಅವರು ಬಿಲ್ಲು ಎಳೆಯುತ್ತಲೇ, ತುಟಿ ಅಲ್ಲಾಡದ ಹಾಗೆ ಹೇಳಿದರು.

"ಇಬ್ಬರೂ ತಪ್ಪಿ ಬಹಳ ಹೊತ್ತಾಯ್ತು. ಸಮ ಎಲ್ಲಿದೆ ಅಂತ ಈಗ ಯಾರಿಗೂ ಗೊತ್ತಿಲ್ಲ."

ಹಾಗಾದರೆ ನೀವು ಅವರಿಗೆ ಹೇಳಬಾರದೇ ಅಂದೆ. ಹೇಳಿದರೆ ಮುಂದಿನ ವರ್ಷ ಇಬ್ಬರೂ ನನ್ನನ್ನು ಕರೆಯೋದಿಲ್ಲ ಅಂದರು. ಆಮೇಲೆ, ನನಗೂ ಇಬ್ಬರು ಹೆಣ್ಣುಮಕ್ಕಳಿದ್ದಾರೆ, ಇಬ್ಬರನ್ನೂ ಕೆರೆ ಏರಿ ಆಚೆಯೇ ಹೆತ್ತೆ ಅಂತ ಅಂದು ಮುಖ ಆ ಕಡೆ ತಿರುಗಿಸಿದರು. ಬಿಲ್ಲು ಮಾತ್ರ ನಿಲ್ಲಲಿಲ್ಲ.

ನಾನು ಹೊರಗೆ ಬಂದೆ. ಬೀದಿಯಲ್ಲಿ ಊರು ಊರೇ ಅರ್ಧಕ್ಕೆ ನಿಂತಿತ್ತು. ಹೋಟೆಲಿನ ಹಂಚಿನ ಮೇಲೆ ದೋಸೆಗಳು ಬೇಯದೆ ಬಿಳಿಚಿಕೊಂಡಿದ್ದವು. ಬಸ್ಸಿನ ಕಂಡಕ್ಟರು ರೈಟ್ ರೈಟ್ ಅನ್ನುತ್ತಲೇ ಇದ್ದ, ಗಂಟಲು ಒಡೆದಿತ್ತು. ಗೋಡೆಯ ಮೇಲೆ ಸಿಸ್ಟರ ತಲೆ ಕಾಣಿಸಲಿಲ್ಲ, ದನಿ ಮಾತ್ರ ಬಂತು: "ಇನ್ನು ತಡೆಯೋಕಾಗಲ್ಲ ಅಂತ ಹೇಳಪ್ಪ ಅವರಿಗೆ. ಅವಳ ಕೂಗು ಸಣ್ಣ ಆಗ್ತಾ ಇದೆ." ಅದು ನಿಜ. ನೀಲಕ್ಕನ ದನಿ ಲೌಡ್‌ಸ್ಪೀಕರಿನ ಕೆಳಗೆ ಎಲ್ಲೋ ಮುಳುಗಿ ಹೋಗಿತ್ತು.

ಮಾಸ್ಟರ ಹತ್ತಿರ ಹೋಗಿ, ಒಳಗೆ ಹೋಗಿ ಡ್ರಮ್ಮು ಹೊಡೆದುಬಿಡುತ್ತೇನೆ ಅಂದೆ. ಅವರು ಬೆಚ್ಚಿದರು. ಇನ್ನೊಬ್ಬರ ಪಲ್ಲವಿಗೆ ಕೈ ಹಾಕಬಾರದು, ಅದು ಪಾಪ, ಅಲ್ಲದೆ ಸಮ ತಪ್ಪಿ ಹೊಡೆದರೆ ಎಲ್ಲ ಹಾಗೇ ನಿಂತುಬಿಡುತ್ತದೆ, ನಿಮ್ಮಕ್ಕನೂ ಪದ್ಮಣ್ಣನ ಸೀನಿನ ಹಾಗೆ ಆಗುತ್ತಾಳೆ ಅಂದರು. ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಅದಕ್ಕೇ ನನಗೆ ಇನ್ನಷ್ಟು ರೇಗಿತು. ಸಮ ಎಲ್ಲಿದೆ ಮಾಸ್ಟ್ರೇ, ಹೇಳಿ, ಅಲ್ಲೇ ಹೊಡೀತೀನಿ ಅಂದೆ. ಅವರು ತಾಳ ಹಾಕುತ್ತಿದ್ದ ತಮ್ಮ ತೊಡೆ ನೋಡಿಕೊಂಡರು. ಅಷ್ಟು ವರ್ಷ ಆ ಕಲ್ಲಿನ ಮೇಲೆ ಕೂತವರಿಗೂ ಗೊತ್ತಿರಲಿಲ್ಲ.

ಡ್ರಮ್ಮನ್ನು ಹೊಟ್ಟೆಗೆ ಕಟ್ಟಿಕೊಂಡೆ. ಬಾಗಿಲಲ್ಲಿ ವರದಾಚಾರ್ ಮತ್ತೆ ಒಂದು ನಿಮಿಷ ಅನ್ನಲು ಬೆರಳೆತ್ತಿದರು. ಡ್ರಮ್ಮು ತಾಗಿ ಅವರೂ ಶಾಲೂ ಗೋಡೆಗೆ ಒತ್ತಿಕೊಂಡರು. ಕುರ್ಚಿಗಳ ನಡುವಿನ ದಾರಿಯಲ್ಲಿ ನಡೆದು ಹೋಗಿ ಮಧ್ಯದಲ್ಲಿ ನಿಂತೆ. ನಾನು ಎಣಿಸಲಿಲ್ಲ. ಎಣಿಸಲು ನನಗೆ ಬರುವುದೂ ಇಲ್ಲ, ನಮ್ಮ ಹಾಡುಗಳಿಗೆ ಕಾಲೇ ಸಾಕು. ಮೇಷ್ಟ್ರ ಬೆತ್ತ, ಚಪ್ಪಲಿ ಪಕ್ಕದ ಎಲೆ, ನೀಲಕ್ಕನ ಸಣ್ಣಗಾದ ದನಿ, ಎಲ್ಲ ಒಟ್ಟಿಗೆ ಬಂದು ಭುಜದಲ್ಲಿ ಕೂತಿತ್ತು. ಕೋಲು ಎತ್ತಿದೆ. ಕೈ ಎಲ್ಲಿ ಬಿತ್ತೋ ಅಲ್ಲಿ ಬಿತ್ತು.

ಢಂ.

ಸಭೆಯ ತಗಡಿನ ಮಾಡು ನಡುಗಿ ಧೂಳು ಉದುರಿತು. ಆ ಕ್ಷಣಕ್ಕೆ ಹಾಡೂ ಇಲ್ಲ, ಮೃದಂಗವೂ ಇಲ್ಲ. ಕೆಟ್ಟೆ ಅಂದುಕೊಂಡೆ. ಆಮೇಲೆ ಮುಂದಿನ ಸಾಲಿನಲ್ಲಿ ಹೆಡ್ಮಾಷ್ಟರು, ಅಷ್ಟು ಹೊತ್ತಿನಿಂದ ತೊಡೆ ಬಡಿದು ಬಡಿದು ಸೋತವರು, ಇದೇ ಇರಬೇಕು ಅಂತ ಚಪ್ಪಾಳೆ ಹೊಡೆದರು. ಅವರು ಹೊಡೆದರು ಅಂತ ವಕೀಲರು, ವಕೀಲರು ಹೊಡೆದರು ಅಂತ ಜ್ಯುವೆಲರಿಯವರು. ಇಡೀ ಸಭೆ ಎದ್ದು ನಿಂತು ಚಪ್ಪಾಳೆ. ಚಪ್ಪಾಳೆ ಬಿದ್ದ ಮೇಲೆ ವಿದ್ವಾಂಸರು ಬಿಡುತ್ತಾರೆಯೇ. ಸೀತಾಪತಯ್ಯನವರು ಕೈ ಕೆಳಗಿಳಿಸಿ, ಅದು ತಮಗೆ ಅಂತ ತಲೆ ಬಾಗಿದರು. ಚಂದ್ರಮೌಳಿಯವರು ಮೃದಂಗದ ಮೇಲೆ ಅಂಗೈ ಇಟ್ಟು, ಅದು ತಮಗೆ ಅಂತ ತಲೆ ಬಾಗಿದರು. ಇಬ್ಬರೂ ಒಂದೇ ಸಲ ಬಾಗಿದ್ದರಿಂದ ಅಲ್ಲಿಗೆ ಮುಗಿಯಿತು. ಸಮ ಅಂದರೆ ಇಷ್ಟೇ ಅಂತ ನನಗೆ ಆವತ್ತು ಗೊತ್ತಾಯಿತು.

ಹೊರಗೆ ಒಂದರ ಹಿಂದೆ ಒಂದು ಕುಕ್ಕರುಗಳು ಕೂಗಿದವು. ಬಸ್ಸು ಹೊರಟಿತು. ಹೋಟೆಲಿನವನು ದೋಸೆಗಳೆಲ್ಲ ಒಮ್ಮೆಲೇ ಸೀದವು ಅಂತ ಬೈದುಕೊಂಡ. ಇವೆಲ್ಲದರ ಮಧ್ಯೆ ಗೋಡೆಯ ಆಚೆಯಿಂದ ಒಂದು ಸಣ್ಣ ಅಳು ಬಂತು, ಕೋಪಗೊಂಡ ಬೆಕ್ಕಿನ ಹಾಗೆ. ನಾನು ಡ್ರಮ್ಮಿನ ಸಮೇತ ಓಡಿದೆ. ಸಿಸ್ಟರ್ ಗೋಡೆಯ ಮೇಲಿಂದ, ಹೆಣ್ಣು, ಇಬ್ಬರೂ ಚೆನ್ನಾಗಿದ್ದಾರೆ, ನೀನು ಸ್ವಲ್ಪ ದೂರ ನಿಲ್ಲು, ನಿನ್ನ ಕೋಟು ನೋಡಿ ಹೆದರೀತು ಅಂದರು. ನಾನು ಗೋಡೆಗೆ ಹಣೆ ಕೊಟ್ಟು ನಿಂತೆ. ಗೋಡೆ ಬಿಸಿಯಾಗಿತ್ತು.

ಒಳಗೆ ಸೀತಾಪತಯ್ಯನವರೂ ಚಂದ್ರಮೌಳಿಯವರೂ ಅಪ್ಪಿಕೊಂಡು ಅತ್ತರಂತೆ. ಕೊನೆಗೂ ನನ್ನ ಸಮಕ್ಕೆ ಬಂದಿರಲ್ಲ ಅಂತ ಇಬ್ಬರೂ ಒಬ್ಬರನ್ನೊಬ್ಬರು ಕ್ಷಮಿಸಿಬಿಟ್ಟರು. ವರದಾಚಾರ್ ಆ ಸಂತೋಷದಲ್ಲಿ ಸಮುದ್ರವನ್ನು ಇಬ್ಬರಿಗೂ ಸೇರಿಸಿ ಕೊಟ್ಟು, ಇಬ್ಬರನ್ನೂ ಒಂದೇ ಜೀಪಿಗೆ ಹತ್ತಿಸಿದರು. ಫಲಕ ಒಂದೇ ಇತ್ತು. ಒಬ್ಬೊಬ್ಬರು ಒಂದೊಂದು ತುದಿ ಹಿಡಿದುಕೊಂಡರು.

ಮೆರವಣಿಗೆ ಹೊರಡಬೇಕು. ನಾವು ಜೀಪಿನ ಮುಂದೆ ಸಾಲಾದೆವು. ದಸ್ತಗೀರ್ ಮಾಸ್ಟರು ಕ್ಲಾರಿನೆಟ್ಟನ್ನು ಬಾಯಿಗಿಟ್ಟರು. ಎಲ್ಲ ಮೆರವಣಿಗೆಗೂ ನುಡಿಸುವ ಹಾಡೊಂದಿದೆ, ಬೀದಿಯ ತಿರುವು ಬರುವಷ್ಟರಲ್ಲಿ ಮುಗಿಯುವಂಥದ್ದು, ಅದಕ್ಕೆಂದು ನಾನು ಕೋಲು ಹಿಡಿದೆ. ಆ ಹಾಡು ಬರಲಿಲ್ಲ. ಒಳಗೆ ಬೆಳಗಿನಿಂದ ಕೇಳಿದ್ದ ಪಲ್ಲವಿಯ ಸಾಲೇ ಬಂತು. ಮಾಸ್ಟರು ಅದನ್ನು ಎತ್ತಿಕೊಂಡರು, ಒಂದು ಸಲ ನೇರ ನುಡಿಸಿದರು, ಎರಡನೇ ಸಲ ತಿರುವಿದರು. ಸೈಡ್ ಡ್ರಮ್ಮಿನವನು ಬೇರೆ ದಾರಿ ಕಾಣದೆ ತಾಳ ಕೊಟ್ಟ. ಸಭೆಯಿಂದ ಹೊರಬಂದ ರಸಿಕರು ಚಪ್ಪಲಿ ಹುಡುಕುವುದನ್ನು ಬಿಟ್ಟು ನಮ್ಮ ಸುತ್ತ ನಿಂತರು. ಬ್ಯಾಂಡಿನ ಸುತ್ತ ಆ ಜನ ನಿಂತದ್ದನ್ನು ನಾನು ಅದೇ ಮೊದಲು ನೋಡಿದ್ದು. ಜೀಪಿನ ಮೇಲಿಂದ ಸೀತಾಪತಯ್ಯನವರು ಶಹಭಾಸ್ ಅಂದರು. ಅವರ ಕೈಯೂ ಚಂದ್ರಮೌಳಿಯವರ ಕೈಯೂ ತಾಳ ಹಾಕತೊಡಗಿದವು, ಬೇರೆ ಬೇರೆ ಜಾಗದಲ್ಲಿ. ಮಾಸ್ಟರ ಕುತ್ತಿಗೆಯ ನರ ಉಬ್ಬಿತ್ತು. ಮುಚ್ಚಿದ ಕಣ್ಣಿನಿಂದ ನೀರು ಇಳಿದು ಕೋಟಿನ ಜರಿಯ ಮೇಲೆ ಬೀಳುತ್ತಿತ್ತು.

ಹೆಡ್ಮಾಷ್ಟರು ನನ್ನ ಪಕ್ಕ ಬಂದು, ಇವನೇ ಸಮ ಕೊಟ್ಟವನು ಅಂತ ವಕೀಲರಿಗೆ ತೋರಿಸಿದರು. ಯಾರ ಶಿಷ್ಯನಪ್ಪಾ ಅಂತ ವಕೀಲರು ಕೇಳಿದರು. ಯಾರ ಶಿಷ್ಯನೂ ಅಲ್ಲ, ಸಿಟ್ಟು ಬಂತು, ಹೊಡೆದೆ ಅಂದೆ. ಎಂಥ ವಿನಯ ನೋಡಿ ಅಂತ ಅವರು ಅವರಲ್ಲೇ ಹೇಳಿಕೊಂಡರು. ನನಗೆ ನಗು ಬರಬೇಕಿತ್ತು. ಬರಲಿಲ್ಲ. ಕೋಟಿನ ಗುಂಡಿ ಸರಿಮಾಡಿಕೊಂಡೆ.

ಪಲ್ಲವಿ ಬೆಳೆಯುತ್ತಿತ್ತು. ಅದು ಚೆನ್ನಾಗಿತ್ತು, ಹಾಳಾಗಿ ಹೋಗಲಿ, ಚೆನ್ನಾಗಿತ್ತು. ಸಾಲು ದೂರ ಹೋಗಿ, ಇನ್ನು ಬರುವುದಿಲ್ಲ ಅನ್ನುವಾಗ ಬಾಗಿಲ ಹತ್ತಿರ ಬರುವುದು ನನಗೆ ಕೇಳಿಸತೊಡಗಿತು. ನನಗೇ ಗೊತ್ತಿಲ್ಲದೆ ಬೂಟಿನೊಳಗೆ ಹೆಬ್ಬೆರಳು ಎಣಿಸುತ್ತಿತ್ತು. ಕೋಲು ಎತ್ತಿ ಹಿಡಿದೆ. ಇನ್ನೊಂದು ಸುತ್ತು ಬಿಡು, ಈಗ ಒಳ್ಳೇ ಜಾಗಕ್ಕೆ ಬರ್ತಾ ಇದೆ ಅಂತ ಹೆಡ್ಮಾಷ್ಟರು ಕಿವಿಯಲ್ಲಿ ಹೇಳಿದರು. ಬಿಟ್ಟೆ. ಇನ್ನೂ ಒಂದು ಬಿಟ್ಟೆ.

ಯಾರೋ ಭುಜಕ್ಕೆ ಸಣ್ಣ ಕಲ್ಲು ಎಸೆದರು. ತಿರುಗಿದರೆ ಗೋಡೆಯ ಮೇಲೆ ಫಿಲೋಮಿನಾ ಸಿಸ್ಟರ್. ಆಗಿನಿಂದ ಕರೆಯುತ್ತಿದ್ದರಂತೆ. ಮಗುವಿಗೆ ಸ್ನಾನ ಮಾಡಿಸುವಾಗ ಕ್ಲಾರಿನೆಟ್ಟು ಶುರುವಾಯಿತು, ಮಗುವೂ ಆಗಲೇ ಹೊಸದಾಗಿ ಅಳಲು ಶುರು ಮಾಡಿತು, ಈಗ ನಿಲ್ಲಿಸಲು ಆಗುತ್ತಿಲ್ಲ, ಮೊಲೆಯನ್ನೂ ಹಿಡಿಯುತ್ತಿಲ್ಲ, ಮುಖ ಕೆಂಪಾಗಿ ನೀಲಿಗೆ ತಿರುಗುತ್ತಿದೆ ಅಂದರು. "ಸೋದರಮಾವ ಅಂತ ನಿಂತಿದೀಯಲ್ಲ, ಇವತ್ತು ನೀವು ಗಂಡಸರು ಯಾರಾದರೂ ಒಬ್ಬರು ಏನಾದರೂ ಮುಗಿಸ್ತೀರಾ?"

ನಾನು ಎಡಗೈ ಎತ್ತಿ ತಡೆದೆ.

"ಒಂದು ನಿಮಿಷ ಸಿಸ್ಟರ್, ಸಮ ಈಗ ಬರ್ತದೆ."

ಹೇಳಿದ ಮೇಲೆ ನನ್ನ ಬಾಯಿ ನನಗೇ ಕೇಳಿಸಿತು. ವರದಾಚಾರ್ ಜೀಪಿನ ಪಕ್ಕದಿಂದ ನನ್ನನ್ನು ನೋಡಿ, ನಮ್ಮವನೇ ಅನ್ನುವ ಹಾಗೆ ತಲೆಯಾಡಿಸುತ್ತಿದ್ದರು. ಸಿಸ್ಟರ್ ಗೋಡೆಯ ಮೇಲಿಂದ ನನ್ನನ್ನೇ ನೋಡುತ್ತಿದ್ದರು. ಅವರ ಹಿಂದೆ ಮಗು ಅಳುತ್ತಿತ್ತು. ಈ ಸಲ ನೀಲಕ್ಕನ ದನಿಯೂ ಸೇರಿತ್ತು, ನನ್ನ ಹೆಸರು ಹಿಡಿದು ಬೈಯುತ್ತಿದ್ದಳು.

ಹೊಡೆದೆ. ಜನ ಚಪ್ಪಾಳೆ ತಟ್ಟಿದರು, ಮಾಸ್ಟರು ಬೆಚ್ಚಿ ಕ್ಲಾರಿನೆಟ್ಟು ಇಳಿಸಿದರು, ಗೋಡೆಯ ಆಚೆ ಅಳು ನಿಂತಿತು. ಸಿಸ್ಟರ ತಲೆ ಕೆಳಗೆ ಮುಳುಗಿತು. ಮಗು ಆವತ್ತು ಹೊಟ್ಟೆ ತುಂಬ ಕುಡಿದು ಮಲಗಿತಂತೆ, ಈಗ ದುಂಡಗೆ ಬೆಳೆದಿದೆ, ಡ್ರಮ್ಮು ಕಂಡರೆ ನಗುತ್ತದೆ. ನೀಲಕ್ಕ ಮಾತ್ರ ಇನ್ನೂ ನನ್ನ ಜೊತೆ ಸರಿಯಾಗಿ ಮಾತಾಡುವುದಿಲ್ಲ.

ಅದಿರಲಿ. ನನಗೆ ಉರಿಯುವುದು ಆ ಹೆಡ್ಮಾಷ್ಟರ ಮಾತಿಗೆ. ಚಪ್ಪಾಳೆ ನಿಂತ ಮೇಲೆ ಅವರು ಎಲ್ಲರ ಎದುರು, ಮೊದಲನೇದು ಸರಿಯಾಗಿ ಬಿತ್ತು ಕಣಯ್ಯಾ, ಇದು ತಾಳದ ಅರ್ಧ ಅಕ್ಷರ ಮುಂಚೆ ಬಿತ್ತು ಅಂದರು. ಊರಲ್ಲಿ ಇವತ್ತಿಗೂ ಹಾಗೇ ಹೇಳಿಕೊಂಡು ತಿರುಗುತ್ತಾರೆ. ಮೊದಲನೇದು ಎಲ್ಲಿ ಬಿತ್ತೋ ನನಗೆ ಗೊತ್ತಿಲ್ಲ. ಎರಡನೇದು ಸಮಕ್ಕೇ ಬಿದ್ದಿತ್ತು. ಕೂತುಕೊಳ್ಳಿ, ಬೇಕಾದರೆ ಎಣಿಸಿ ತೋರಿಸುತ್ತೇನೆ.